ಜಪಾನಿನ ರೇಷ್ಮೆ ವಿದ್ಯೆ ಮತ್ತು ಮೈಸೂರು ಸೀಮೆ

ಕನ್ನಡಿಗರ ಮನೆಗಳಲ್ಲಿ ರೇಷ್ಮೆಗೆ ಇರುವ ಸ್ಥಾನವನ್ನು ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ. ನಾಮಕರಣದಿಂದ ಷಷ್ಟ್ಯಬ್ದಿಯವರೆಗೆ ಯಾವ ಮಂಗಳಕಾರ್ಯವೂ ರೇಷ್ಮೆಯಿಲ್ಲದೆ ಪೂರ್ಣವೆನಿಸದು. ಹತ್ತಿಯ ಬಟ್ಟೆಯನ್ನು ಒಗೆದು ಒಣಗಿಸಿದ ಹೊರತು ಮಡಿಯಾಗದು. ಪಟ್ಟೆಗೆ ಅಂತಹ ನಿರ್ಬಂಧವಿಲ್ಲ ಎಂಬುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಊರು ಬಿಟ್ಟು ಘಟ್ಟದ ಮೇಲಿನ ಲೋಣಾವಳಾದಂತಹ ಸ್ಥಳದಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ ಪೆಟ್ಟಿಗೆಯ ತಳದಲ್ಲಿ ಒಂದು ಮೈಸೂರು ರೇಷ್ಮೆ ಸೀರೆ ಇದ್ದೇ ಇರುತ್ತದೆ.

ಈ ಮಡಿಬಟ್ಟೆಯ ಹಿಂದೆ ಮತ್ತೊಂದು ಮಡಿಯಿದೆ. ಅದು ಹುಳು ಸಾಕುವ ಮನೆಯ ಮಡಿ. ಕೈ ತೊಳೆಯದೆ ಎಲೆ ಮುಟ್ಟಬಾರದು, ಪಾದರಕ್ಷೆಯೊಡನೆ ಒಳಗೆ ಬರಬಾರದು, ಸತ್ತ ಹುಳುವನ್ನು ತಟ್ಟೆಯಲ್ಲಿ ಬಿಡಬಾರದು ಎಂಬ ನಿಯಮಗಳು ಅಲ್ಲಿ ಕಟ್ಟುನಿಟ್ಟಾಗಿವೆ. ರೇಷ್ಮೆಯ ಹೊಳಪು ಮೊದಲಾಗುವುದು ಮಗ್ಗದಲ್ಲಲ್ಲ, ಆ ಹುಳುವಿನ ಆರೋಗ್ಯದಲ್ಲಿ. ಈ ಸತ್ಯವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ ದೇಶಗಳಲ್ಲಿ ಜಪಾನಿಗೆ ಅಗ್ರಸ್ಥಾನವಿದೆ. ಆ ಶಾಸ್ತ್ರ ಮೈಸೂರು ಸೀಮೆಗೆ ಬಂದ ಬಗೆಯನ್ನೂ, ಅದರ ಜೊತೆಗೆ ಕಲಿಯಬೇಕಾಗಿದ್ದ ಇನ್ನೊಂದು ಪಾಠವನ್ನೂ ಅರಿಯುವುದು ಉಚಿತ.

ಹುಳುವಿನ ಬಾಳು

ರೇಷ್ಮೆ ಹುಳು ಕಾಡಿನ ಪ್ರಾಣಿಯಲ್ಲ. ಸಹಸ್ರಾರು ವರ್ಷಗಳ ಸಾಕಣೆಯಿಂದ ಅದು ಸಂಪೂರ್ಣವಾಗಿ ಮನುಷ್ಯನ ಆಶ್ರಿತವಾಗಿದೆ. ಚಿಟ್ಟೆಗೆ ರೆಕ್ಕೆಗಳಿದ್ದರೂ ಅದು ಹಾರಲಾರದು. ಹುಳುವಿಗೆ ಕಾಲುಗಳಿದ್ದರೂ ಅದು ಎಲೆಯನ್ನರಸಿ ದೂರ ಹೋಗಲಾರದು. ಹಿಪ್ಪುನೇರಳೆ ಎಲೆಯನ್ನು ತಂದು ಬಾಯಿಯ ಮುಂದೆ ಹಾಕಿದರೆ ತಿನ್ನುತ್ತದೆ, ಇಲ್ಲದಿದ್ದರೆ ಉಪವಾಸವಿದ್ದು ಸಾಯುತ್ತದೆ.

ಒಂದು ಹೆಣ್ಣು ಚಿಟ್ಟೆ ನಾಲ್ಕೈದು ನೂರು ಮೊಟ್ಟೆಗಳನ್ನಿಡುತ್ತದೆ. ಗಸಗಸೆಯಷ್ಟು ಸಣ್ಣ ಮೊಟ್ಟೆಯಿಂದ ಹೊರಬಂದ ಮರಿ ಸುಮಾರು ನಾಲ್ಕು ವಾರಗಳಲ್ಲಿ ತನ್ನ ತೂಕವನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಕಳಚುತ್ತದೆ. ಪೊರೆ ಕಳಚುವ ಮುನ್ನ ತಲೆಯೆತ್ತಿ, ಮೇವು ಬಿಟ್ಟು, ನಿಶ್ಚಲವಾಗಿ ಕುಳಿತುಕೊಳ್ಳುವುದನ್ನು ನಮ್ಮ ರೈತರು ‘ಹುಳು ಜ್ವರಕ್ಕೆ ಕುಳಿತಿದೆ’ ಎನ್ನುತ್ತಾರೆ. ಮೊದಲ ಎರಡು ಜ್ವರಗಳವರೆಗಿನ ಮರಿಗಳಿಗೆ ಚಾಕಿ ಹುಳು ಎಂದು ಹೆಸರು. ಅವಕ್ಕೆ 27 ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಹೆಚ್ಚು ತೇವಾಂಶ ಮತ್ತು ಎಳೆಯ ಎಲೆ ಬೇಕು. ದೊಡ್ಡ ಹುಳುಗಳಿಗೆ 24–25 ಡಿಗ್ರಿಯ ತಂಪು, ಕಡಿಮೆ ತೇವ ಮತ್ತು ಧಾರಾಳವಾದ ಗಾಳಿ ಬೇಕು. ಹಸುಗೂಸಿನ ಆರೈಕೆಗೂ ಬೆಳೆದ ಮಗುವಿನ ಆರೈಕೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಕಂಡುಬರುತ್ತದೆ.

ಐದನೆಯ ಹಂತದ ಕೊನೆಯಲ್ಲಿ ಹುಳುವಿನ ಮೈ ಹೊಳೆಯುವ ಹಳದಿ ಛಾಯೆಗೆ ತಿರುಗುತ್ತದೆ. ಆಗ ಹುಳು ‘ಹಣ್ಣಾಯಿತು’ ಎಂದು ತಿಳಿದು ಅದನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಹುಳು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ, ಎರಡು ಮೂರು ದಿನ ಎಡೆಬಿಡದೆ ಒಂದೇ ಎಳೆಯನ್ನು ಹೊರಹಾಕಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಆ ಎಳೆಯ ತಿರುಳು ಫೈಬ್ರೋಯಿನ್ ಎಂಬ ಪ್ರೋಟೀನು. ಅದನ್ನು ಸುತ್ತಿರುವ ಅಂಟು ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು. ಎಳೆಯ ತೂಕದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಈ ಅಂಟೇ ಇರುತ್ತದೆ. ಮೂಲ ಮೈಸೂರು ತಳಿಯ ಗೂಡಿನಲ್ಲಿ ಮುನ್ನೂರು ನಾನ್ನೂರು ಮೀಟರು ಉದ್ದದ ಎಳೆಯಿದ್ದರೆ, ವರ್ಷಕ್ಕೆ ಎರಡು ಪೀಳಿಗೆ ನಡೆಸುವ ದ್ವಿತಳಿ ಗೂಡಿನಲ್ಲಿ ಒಂದು ಸಾವಿರ ಮೀಟರಿಗೂ ಮೀರಿದ ಎಳೆ ಸಿಗುತ್ತದೆ.

ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದುದರಿಂದ ಅದಕ್ಕೆ ಮೊದಲೇ ಹಬೆಯಿಂದಲೋ ಬಿಸಿಗಾಳಿಯಿಂದಲೋ ಒಳಗಿನ ಕೋಶವನ್ನು ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಮೇಲೆ ತುದಿಯನ್ನು ಹಿಡಿದು, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ಬಿಚ್ಚುತ್ತಾರೆ. ಒಂದು ಕಿಲೋ ನೂಲಿಗೆ ಉತ್ತಮ ದ್ವಿತಳಿಯ ಆರೇಳು ಕಿಲೋ ಗೂಡು ಬೇಕು. ಅಂದರೆ ಸಾವಿರಾರು ಹುಳುಗಳ ಬದುಕು ಒಂದೊಂದು ಸೀರೆಯಲ್ಲಿ ಅಡಗಿದೆ.

ಜಪಾನಿನಲ್ಲಿ ರೇಷ್ಮೆ

ರೇಷ್ಮೆಯ ತವರು ಚೀನಾ. ಅಲ್ಲಿಂದ ಈ ವಿದ್ಯೆ ಕೊರಿಯಾದ ಮಾರ್ಗವಾಗಿಯೂ ಜಪಾನಿಗೆ ತಲಪಿತು. ಕ್ರಿ.ಶ. ಮೂರನೆಯ ಶತಮಾನದ ಚೀನೀ ವೃತ್ತಾಂತವೊಂದು ಜಪಾನಿನ ದ್ವೀಪವಾಸಿಗಳು ಹುಳು ಸಾಕಿ ಬಟ್ಟೆ ನೇಯುತ್ತಿದ್ದರೆಂದು ಹೇಳುತ್ತದೆ. ಮುಂದೆ ವಲಸೆ ಬಂದ ಹತ ಎಂಬ ಕುಲದವರು ಈಗಿನ ಕ್ಯೋಟೋ ಪ್ರದೇಶದಲ್ಲಿ ನೆಲೆಸಿ ನೇಯ್ಗೆಯಲ್ಲಿ ಪ್ರಸಿದ್ಧರಾದರು. 712ರಲ್ಲಿ ಸಂಕಲಿತವಾದ ‘ಕೊಜಿಕಿ’ ಎಂಬ ಪ್ರಾಚೀನ ಗ್ರಂಥದ ಕಥೆಯಂತೆ, ಹತಳಾದ ಅನ್ನದೇವತೆಯ ಕಣ್ಣುಗಳಿಂದ ಭತ್ತವೂ ತಲೆಯಿಂದ ರೇಷ್ಮೆ ಹುಳುವೂ ಹುಟ್ಟಿದವು. ಅನ್ನ ಮತ್ತು ವಸ್ತ್ರಗಳು ಒಂದೇ ದೇಹದ ಪ್ರಸಾದವೆಂಬ ಈ ಕಲ್ಪನೆ ನಮಗೂ ಅಪರಿಚಿತವೆನಿಸದು.

ಜಪಾನಿನ ರೈತರು ಹುಳುವನ್ನು ಬರಿಯ ಹುಳುವೆಂದು ಕರೆಯುತ್ತಿರಲಿಲ್ಲ. ‘ಒಕಾಯಿಕೊ-ಸಾಮಾ’, ಎಂದರೆ ‘ರೇಷ್ಮೆ ಹುಳುವಿನವರು’ ಎಂದು ಬಹುವಚನದ ಗೌರವದಿಂದ ಸಂಬೋಧಿಸುತ್ತಿದ್ದರು. ಹಿದಾ ಪ್ರಾಂತದ ಶಿರಕವಾ-ಗೊ ಮುಂತಾದ ಹಳ್ಳಿಗಳಲ್ಲಿ ಕೈಮುಗಿದ ಆಕಾರದ ಕಡಿದಾದ ಹುಲ್ಲುಮಾಡಿನ ಮನೆಗಳಿವೆ. ಅವುಗಳ ವಿಶಾಲವಾದ ಅಟ್ಟಗಳಲ್ಲಿ ಹುಳುಗಳನ್ನು ಸಾಕುತ್ತಿದ್ದರು. ಕೆಳಗಿನ ಒಲೆಯ ಬಿಸಿ ಮೇಲೇರಿ ಅಟ್ಟವನ್ನು ಬೆಚ್ಚಗಿಡುತ್ತಿತ್ತು. ಆ ಹಳ್ಳಿಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನೇಯ್ಗೆಯಲ್ಲಿ ಕ್ಯೋಟೋ ನಗರದ ನಿಶಿಜಿನ್ ಕೇರಿಯ ಹೆಸರು ದೊಡ್ಡದು. ನಿಶಿಜಿನ್ ಎಂದರೆ ಪಶ್ಚಿಮದ ಪಾಳೆಯ. 1467ರಿಂದ 1477ರವರೆಗೆ ನಡೆದ ಅಂತರ್ಯುದ್ಧದಲ್ಲಿ ಚದುರಿಹೋದ ನೇಕಾರರು ಯುದ್ಧ ಮುಗಿದ ಬಳಿಕ ಸೇನೆಯ ಪಾಳೆಯವಿದ್ದ ಆ ಸ್ಥಳದಲ್ಲಿ ಮಗ್ಗ ಹೂಡಿದರು. ಜಪಾನಿನ ಇನ್ನೊಂದು ಪ್ರಸಿದ್ಧ ನೇಯ್ಗೆ ಚಿರಿಮೆನ್. ಇದರಲ್ಲಿ ಹೊಕ್ಕಿನ ನೂಲನ್ನು ಬಲವಾಗಿ, ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಹುರಿಗೊಳಿಸಿ ನೇಯುತ್ತಾರೆ. ಅಂಟು ತೆಗೆದಾಗ ಹುರಿ ಸಡಿಲಿ ಬಟ್ಟೆಯ ಮೈಯಲ್ಲಿ ನವುರಾದ ಸುಕ್ಕು ಮೂಡುತ್ತದೆ. ಮೈಸೂರಿನ ಕ್ರೇಪ್ ಸೀರೆಯನ್ನು ಬೆರಳಿನಿಂದ ಸವರಿ ನೋಡಿದವರಿಗೆ ಈ ತತ್ತ್ವ ತಾನಾಗಿಯೇ ಅರ್ಥವಾಗುತ್ತದೆ.

ಹದಿನೇಳನೆಯ ಶತಮಾನದ ಉತ್ತರಾರ್ಧದವರೆಗೆ ಜಪಾನಿನ ನೇಕಾರರು ಉತ್ತಮ ನೂಲಿಗಾಗಿ ಚೀನಾವನ್ನೇ ಅವಲಂಬಿಸಿದ್ದರು. ಆಮದಿಗೆ ಮಿತಿ ಬಿದ್ದ ನಂತರ ಹಳ್ಳಿಗಳಲ್ಲಿ ಹುಳು ಸಾಕಣೆ ಬೆಳೆಯಿತು. ಅದರ ಕುರಿತು ಗ್ರಂಥಗಳೂ ಹುಟ್ಟಿದವು. ಉಎಗಾಕಿ ಮೊರಿಕುನಿ ಎಂಬಾತ 1803ರಲ್ಲಿ ರಚಿಸಿದ ಕೈಪಿಡಿ 1848ರಲ್ಲಿ ಫ್ರೆಂಚ್ ಭಾಷೆಗೆ ಅನುವಾದವಾಯಿತು. ಯುರೋಪು ಆ ಕಾಲದಲ್ಲಿ ಜಪಾನಿನಿಂದ ಕಲಿಯಲು ಬಯಸಿದ ಕೆಲವೇ ವಿದ್ಯೆಗಳಲ್ಲಿ ರೇಷ್ಮೆ ಒಂದು.

ಗಂಟು ರೋಗ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸ್ ಮತ್ತು ಇಟಲಿಗಳ ರೇಷ್ಮೆ ಹುಳುಗಳಿಗೆ ಭೀಕರ ಪಿಡುಗು ತಗುಲಿತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ತಟ್ಟೆ ತಟ್ಟೆಯೇ ನಾಶವಾಗುತ್ತಿತ್ತು. ಕನ್ನಡದಲ್ಲಿ ಇದನ್ನು ಗಂಟು ರೋಗವೆನ್ನುತ್ತಾರೆ. ರೋಗವಿಲ್ಲದ ಮೊಟ್ಟೆಗಳಿಗಾಗಿ ಯುರೋಪಿನ ವರ್ತಕರು ದೇಶದೇಶ ಅಲೆದರು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆದ ಮೇಲೆ ಜಪಾನಿನ ಮೊಟ್ಟೆಯ ಹಾಳೆಗಳು ಹಡಗಿನಲ್ಲಿ ಯುರೋಪಿಗೆ ಹೋಗತೊಡಗಿದವು.

ರೋಗದ ಮೂಲವನ್ನು ಕಂಡುಹಿಡಿಯುವ ಹೊಣೆ ಲೂಯಿ ಪಾಶ್ಚರನಿಗೆ ಬಂತು. 1865ರಲ್ಲಿ ಕೆಲಸವನ್ನಾರಂಭಿಸಿದಾಗ ಆತನಿಗೆ ರೇಷ್ಮೆ ಹುಳುವಿನ ಪರಿಚಯವೇ ಇರಲಿಲ್ಲ. ಐದು ವರ್ಷಗಳ ಪರಿಶ್ರಮದ ಫಲವಾಗಿ ಆತ, ಈ ರೋಗ ಸೂಕ್ಷ್ಮಜೀವಿಯಿಂದ ಬರುತ್ತದೆ, ಅಂಟುತ್ತದೆ, ಮತ್ತು ತಾಯಿಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ ಎಂದು ಸಿದ್ಧಪಡಿಸಿದನು. ಪರಿಹಾರ ಸರಳವಾಗಿತ್ತು. ಪ್ರತಿಯೊಂದು ಚಿಟ್ಟೆಯನ್ನೂ ಪ್ರತ್ಯೇಕವಾಗಿ ಮೊಟ್ಟೆಯಿಡಲು ಬಿಟ್ಟು, ಆಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ರೋಗಕ್ಕೆ ಮದ್ದಿಲ್ಲ, ಆದರೆ ರೋಗ ಬರದಂತೆ ತಡೆಯಬಹುದು ಎಂಬ ಈ ತತ್ತ್ವ ಮುಂದೆ ಮನುಷ್ಯವೈದ್ಯದಲ್ಲಿಯೂ ಯುಗಪರಿವರ್ತನೆಗೆ ಕಾರಣವಾಯಿತು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ಕ್ರಮದಲ್ಲಿ.

ಜಪಾನ್ ಈ ಪಾಠವನ್ನು ಬೇಗ ಗ್ರಹಿಸಿ ತನ್ನ ಅನುಭವವನ್ನೂ ಸೇರಿಸಿತು. ಗುನ್ಮಾ ಪ್ರಾಂತದ ತಾಜಿಮಾ ಯಾಹೇ ಎಂಬ ರೈತ ಗಾಳಿಯ ಸಂಚಾರಕ್ಕೆ ಪ್ರಾಮುಖ್ಯ ಕೊಟ್ಟು, ಮಾಡಿನ ನೆತ್ತಿಯಲ್ಲಿ ಗವಾಕ್ಷಗಳಿದ್ದ ಸಾಕಣೆಯ ಮನೆಯನ್ನು 1863ರಲ್ಲಿ ಕಟ್ಟಿದನು. ಅದೇ ಪ್ರಾಂತದ ತಕಾಯಾಮಾ ಚೊಗೊರೊ ಗಾಳಿಯ ಜೊತೆಗೆ ಉಷ್ಣತೆಯನ್ನೂ ಹದದಲ್ಲಿಡುವ ಕ್ರಮವನ್ನು ರೂಪಿಸಿ, ಅದನ್ನು ಕಲಿಸಲು 1884ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಬೆಟ್ಟದ ಬಂಡೆಗಳ ನಡುವೆ ಬೀಸುವ ತಂಪು ಗಾಳಿಯಲ್ಲಿ ಮೊಟ್ಟೆಗಳನ್ನಿಟ್ಟು, ಬೇಕೆಂದಾಗ ಮರಿಯೊಡೆಸುವ ಶೀತಾಗಾರಗಳೂ ಬಂದವು. 1906ರಲ್ಲಿ ತೊಯಾಮಾ ಕಮೆತಾರೊ ಎಂಬ ವಿಜ್ಞಾನಿ ಎರಡು ಶುದ್ಧ ತಳಿಗಳ ಸಂಕರದಿಂದ ಹುಟ್ಟಿದ ಮೊದಲ ಪೀಳಿಗೆ ತಾಯಿತಂದೆಗಳಿಗಿಂತ ಹೆಚ್ಚು ಪುಷ್ಟವಾಗಿರುತ್ತದೆಂದು ಪ್ರಕಟಿಸಿದನು. ಮುಂದಿನ ಎರಡು ದಶಕಗಳಲ್ಲಿ ದೇಶದ ಸಾಕಣೆಯೆಲ್ಲ ಹೆಚ್ಚುಕಡಿಮೆ ಸಂಕರ ತಳಿಗೆ ತಿರುಗಿತು. 1909ರ ಸುಮಾರಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನು ಹಿಂದೆ ಹಾಕಿತ್ತು.

ನೊಮುಗಿ ಘಾಟಿಯ ಹುಡುಗಿಯರು

ಹುಳುವಿನ ಆರೋಗ್ಯವನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿದ ದೇಶ ನೂಲು ಬಿಚ್ಚುವ ಕೈಗಳ ಆರೋಗ್ಯವನ್ನು ಹೇಗೆ ಕಂಡಿತು? ಇಲ್ಲಿ ಕಥೆ ಎರಡು ದಾರಿಯಾಗುತ್ತದೆ.

ಸರ್ಕಾರ 1872ರಲ್ಲಿ ತೊಮಿಯೊಕಾದಲ್ಲಿ ಮಾದರಿ ನೂಲು ಕಾರ್ಖಾನೆಯೊಂದನ್ನು ತೆರೆಯಿತು. ಪಾಲ್ ಬ್ರುನಾ ಎಂಬ ಫ್ರೆಂಚ್ ತಜ್ಞನ ಮಾರ್ಗದರ್ಶನದಲ್ಲಿ ಮುನ್ನೂರು ತೊಟ್ಟಿಗಳ ಯಂತ್ರಾಗಾರ ಸಿದ್ಧವಾಯಿತು. ಆದರೆ ಕೆಲಸಕ್ಕೆ ಹುಡುಗಿಯರು ಬರಲೊಲ್ಲರು. ವಿದೇಶೀಯರು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ಕಂಡ ಜನ, ಅವರು ಮನುಷ್ಯರ ರಕ್ತ ಕುಡಿಯುತ್ತಾರೆಂದು ಸುದ್ದಿ ಹಬ್ಬಿಸಿದ್ದರು. ಕಾರ್ಖಾನೆಯ ಮುಖ್ಯಸ್ಥ ಒದಾಕಾ ಅತ್ಸುತದಾ ತನ್ನ ಮಗಳನ್ನೇ ಮೊದಲು ಸೇರಿಸಿ ಆ ಅಂಜಿಕೆಯನ್ನು ನೀಗಿಸಬೇಕಾಯಿತು. ಅಲ್ಲಿ ವಸತಿ, ವಾರದ ರಜೆ, ವೈದ್ಯರ ವ್ಯವಸ್ಥೆಗಳಿದ್ದವು. 1987ರಲ್ಲಿ ನಿಂತುಹೋದ ಆ ಕಾರ್ಖಾನೆ 2014ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ತೊಮಿಯೊಕಾದ ಯಂತ್ರವನ್ನು ಅನುಕರಿಸಿದ ಖಾಸಗಿ ಕಾರ್ಖಾನೆಗಳು ಅಲ್ಲಿನ ಮರ್ಯಾದೆಯನ್ನು ಅನುಕರಿಸಲಿಲ್ಲ. ಸುವಾ ಸರೋವರದ ದಡದಲ್ಲಿ, ಮುಖ್ಯವಾಗಿ ಒಕಾಯಾ ಪಟ್ಟಣದಲ್ಲಿ, ನೂರಾರು ಕಾರ್ಖಾನೆಗಳೆದ್ದವು. ಹಿದಾ ಪ್ರಾಂತದ ಬಡ ರೈತರ ಹೆಣ್ಣುಮಕ್ಕಳು ಮುಂಗಡ ಹಣಕ್ಕೆ ಕಟ್ಟುಬಿದ್ದು ಅಲ್ಲಿಗೆ ಹೋಗುತ್ತಿದ್ದರು. ಹತ್ತಾರು ಹುಡುಗಿಯರು ಗುಂಪಾಗಿ, ಹಿಮದಲ್ಲಿ ಜಾರದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು, 1672 ಮೀಟರು ಎತ್ತರದ ನೊಮುಗಿ ಘಾಟಿಯನ್ನು ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು. ಬೋರ್ ಘಾಟಿನ ಮಳೆ ಮಂಜುಗಳ ನಡುವೆ ಬಾಳುವವರು ಅದಕ್ಕಿಂತ ಎರಡೂವರೆ ಪಟ್ಟಿಗೂ ಮಿಕ್ಕ ಎತ್ತರದ ಆ ಹಾದಿಯನ್ನು ಊಹಿಸಿಕೊಳ್ಳಬಹುದು.

ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಕೆಲಸ. ಕುದಿಯುವ ತೊಟ್ಟಿಗಳ ಹಬೆಯಿಂದ ಒಳಗೆ ಸದಾ ತೇವ. ಎಳೆ ಒಣಗಿ ತುಂಡಾಗಬಾರದೆಂದು ಗಾಳಿಯ ಓಡಾಟಕ್ಕೂ ತಡೆ. ಒಬ್ಬಳಿಗೆ ಕ್ಷಯ ಬಂದರೆ ಒತ್ತಾಗಿ ಮಲಗುವ ವಸತಿಗೃಹದಲ್ಲಿ ಉಳಿದವರಿಗೂ ಹಬ್ಬುತ್ತಿತ್ತು. 1909ರ ನವೆಂಬರಿನಲ್ಲಿ ಮಸಾಯಿ ಮಿನೆ ಎಂಬ ಯುವತಿ ಕಾಯಿಲೆ ಬಿದ್ದಳು. ಕರೆದೊಯ್ಯಲು ಬಂದ ಅಣ್ಣ ಅವಳನ್ನು ಬೆನ್ನಮೇಲೆ ಹೊತ್ತು ನೊಮುಗಿಯನ್ನೇರಿದನು. ಘಾಟಿಯ ನೆತ್ತಿಯಲ್ಲಿ, ತನ್ನ ಹಿದಾ ಸೀಮೆ ಕಾಣುತ್ತಿದೆಯೆಂದು ಹೇಳಿ ಅವಳು ಪ್ರಾಣಬಿಟ್ಟಳೆಂದು ಆ ಪ್ರಾಂತದಲ್ಲಿ ಇಂದಿಗೂ ಸ್ಮರಿಸುತ್ತಾರೆ. ಯಾಮಾಮೊತೊ ಶಿಗೆಮಿ ಇಂತಹ ಕಾರ್ಮಿಕ ಹೆಂಗಸರನ್ನು ಅವರ ಮುಪ್ಪಿನಲ್ಲಿ ಕಂಡು ಮಾತನಾಡಿಸಿ 1968ರಲ್ಲಿ ಬರೆದ ಪುಸ್ತಕದಿಂದ ಈ ಸಂಗತಿಗಳು ದೇಶಕ್ಕೆಲ್ಲ ತಿಳಿದವು. 1979ರಲ್ಲಿ ಅದು ಚಲನಚಿತ್ರವೂ ಆಯಿತು.

1913ರಲ್ಲಿ ಇಷಿಹಾರಾ ಒಸಾಮು ಎಂಬ ವೈದ್ಯ, ಕಾರ್ಖಾನೆಯ ಹುಡುಗಿಯರಲ್ಲಿ ಕ್ಷಯ ಹರಡುತ್ತಿದ್ದ ಬಗೆಯನ್ನೂ, ಊರಿಗೆ ಮರಳಿದವರ ಮೂಲಕ ಅದು ಹಳ್ಳಿಗಳನ್ನು ಹೊಕ್ಕುದನ್ನೂ ಅಂಕಿಅಂಶಗಳಿಂದ ತೋರಿಸಿದನು. 1911ರಲ್ಲಿ ಅಂಗೀಕೃತವಾದ ಕಾರ್ಖಾನೆ ಕಾಯಿದೆ ಜಾರಿಗೆ ಬಂದುದು 1916ರಲ್ಲಿ. ಹೆಂಗಸರ ರಾತ್ರಿ ಕೆಲಸ ನಿಂತದ್ದು 1929ರಲ್ಲಿ. ಹುಳುವಿನ ರೋಗಕ್ಕೆ ಒಡನೆಯೇ ಒದಗಿಬಂದ ಸೂಕ್ಷ್ಮದರ್ಶಕ ಹುಡುಗಿಯರ ರೋಗಕ್ಕೆ ಒದಗಿಬರಲು ತಲೆಮಾರು ಕಳೆಯಬೇಕಾಯಿತು.

ಮೈಸೂರು ಸೀಮೆಗೆ ಬಂದ ಬಗೆ

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿ ಬೇರೂರಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆತ ಬಂಗಾಳದಿಂದ ಹುಳುಗಳನ್ನು ತರಿಸಿ ಸಾಕಣೆಗೆ ಪ್ರೋತ್ಸಾಹ ಕೊಟ್ಟನು. ಇಲ್ಲಿನ ಹವೆಗೆ ಒಗ್ಗಿದ ಮೈಸೂರು ತಳಿಯ ಹುಳು ಗಟ್ಟಿಜೀವ. ವರ್ಷದಲ್ಲಿ ಹಲವು ಬೆಳೆ ಕೊಡುತ್ತದೆ. ಆದರೆ ಅದರ ಗೂಡು ಸಣ್ಣದು, ಎಳೆ ಮೋಟು.

1860ರ ದಶಕದಲ್ಲಿ ರೋಗದಿಂದ ಈ ಉದ್ಯಮ ಕುಸಿದಾಗ, ಡಿ ವೆಕ್ಕಿ ಎಂಬ ಇಟಲಿಯ ಉದ್ಯಮಿ ಜಪಾನಿನ ಮೊಟ್ಟೆಯ ಹಾಳೆಗಳನ್ನು ತರಿಸಿ ರೈತರಿಗೆ ಹಂಚಿದನು. ಪ್ರಯತ್ನ ಕೈಗೂಡಲಿಲ್ಲ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಮೊಟ್ಟೆ ಬಂದಿತ್ತು, ಅದನ್ನು ಕಾಪಾಡುವ ವಿದ್ಯೆ ಬಂದಿರಲಿಲ್ಲ. ತಂಪು ಸೀಮೆಯ ಹುಳುವಿಗೆ ನಮ್ಮ ಬಿಸಿಲಿನಲ್ಲಿ ಏನೇನು ಬೇಕೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ವಿದ್ಯೆಯನ್ನು ತರುವ ಪ್ರಯತ್ನ ಮಾಡಿದವರು ಜಮ್‌ಶೇಟ್‌ಜಿ ಟಾಟಾ. ಅವರ ಹೆಸರು ಲೋಣಾವಳಾದ ನಿವಾಸಿಗಳಿಗೆ ಹೊಸದಲ್ಲ. ಇಲ್ಲಿನ ವಳವಣ ಅಣೆಕಟ್ಟಿನ ನೀರು ಘಟ್ಟದಿಂದಿಳಿದು ಖೋಪೋಲಿಯಲ್ಲಿ 1915ರಿಂದ ವಿದ್ಯುತ್ತಾಗಿ ಮುಂಬಯಿಗೆ ಹೋದದ್ದು ಅವರ ಕನಸಿನ ಫಲವಾಗಿ. ಅದನ್ನು ಕಣ್ಣಾರೆ ಕಾಣುವ ಮೊದಲೇ 1904ರಲ್ಲಿ ಅವರು ತೀರಿಕೊಂಡಿದ್ದರು. ಅದೇ ಜಮ್‌ಶೇಟ್‌ಜಿ 1893ರಲ್ಲಿ ಜಪಾನನ್ನು ಸಂದರ್ಶಿಸಿ ಅಲ್ಲಿನ ರೇಷ್ಮೆ ಸಾಕಣೆಯನ್ನು ಕಂಡಿದ್ದರು. ಆ ಶತಮಾನ ಮುಗಿಯುವ ಮುನ್ನ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಮೈಸೂರು ಸರ್ಕಾರದ ನೆರವಿನೊಡನೆ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ತೋಟವೊಂದು ಆರಂಭವಾಯಿತು. ಅದನ್ನು ನಡೆಸಲು ಬಂದವರು ಜಪಾನಿನ ಓಡ್ಜು ದಂಪತಿಗಳು. ತೋಟದಿಂದ ಮೊದಲ್ಗೊಂಡು ನೂಲಿನವರೆಗೆ, ರೋಗಪರೀಕ್ಷೆಯನ್ನೂ ಸೇರಿಸಿ, ಕೆಲಸವನ್ನು ಕೈಯಿಂದ ಮಾಡಿ ತೋರಿಸಿ ಕಲಿಸುವುದು ಅಲ್ಲಿನ ಕ್ರಮವಾಗಿತ್ತು. ಮುಂದೆ ಅದರ ಆಡಳಿತ ಸಾಲ್ವೇಷನ್ ಆರ್ಮಿ ಸಂಸ್ಥೆಗೆ ಹೋಯಿತು. ತೋಟ ಮಾಯವಾಗಿದ್ದರೂ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆಯ ಹೆಸರು ಬೆಂಗಳೂರಿನಲ್ಲಿ ಉಳಿದಿದೆ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರ ರೇಷ್ಮೆಗಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿತು. ಅದರ ಚುಕ್ಕಾಣಿ ಹಿಡಿದವರು ನವರತ್ನ ರಾಮರಾಯರು. ‘ಕೆಲವು ನೆನಪುಗಳು’ ಎಂಬ ಆತ್ಮಕಥನದಿಂದ ಕನ್ನಡ ಓದುಗರಿಗೆ ಪ್ರಿಯರಾದ ಈ ಅಧಿಕಾರಿ, ಇಲಾಖೆಯ ಕೆಲಸಕ್ಕೆ ಬಂದ ಜಪಾನೀ ತಜ್ಞ ಯೊನೆಮುರಾ ಅವರೊಡಗೂಡಿ ರೇಷ್ಮೆ ಹುಳು ಸಾಕಣೆಯ ಕೈಪಿಡಿಯೊಂದನ್ನು ರಚಿಸಿದರು. 1925ರಲ್ಲಿ ಪ್ರಕಟವಾದ ಆ ಇಂಗ್ಲಿಷ್ ಗ್ರಂಥ ದೀರ್ಘಕಾಲ ಈ ಕ್ಷೇತ್ರದ ಮೂಲಪಾಠವಾಗಿತ್ತು. ಜಪಾನಿನ ವಿಜ್ಞಾನವೂ ಮೈಸೂರಿನ ಅನುಭವವೂ ಒಂದೇ ಹೊತ್ತಗೆಯಲ್ಲಿ ಕೂಡಿದ್ದು ಗಮನಾರ್ಹ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ವಿದೇಶೀ ತಳಿಯ ಗಂಡನ್ನು ಕೂಡಿಸುವ ಸಂಕರ ಕ್ರಮ ಈ ಕಾಲದಲ್ಲಿ ಬೆಳೆಯಿತು. ತಾಯಿಯ ಸಹನಶಕ್ತಿ ಮತ್ತು ತಂದೆಯ ನೂಲು, ಎರಡನ್ನೂ ಪಡೆದ ಮಿಶ್ರತಳಿ ಗೂಡು ರೈತರ ಕೈಹಿಡಿಯಿತು. ಇದಕ್ಕೂ ಮೊದಲೇ, 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ತಂದ ಮಗ್ಗಗಳೊಡನೆ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಗಿತ್ತು.

ಸ್ವಾತಂತ್ರ್ಯಾನಂತರ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯೂ, 1961ರಲ್ಲಿ ಮೈಸೂರಿನ ಕೇಂದ್ರೀಯ ಸಂಶೋಧನ ಸಂಸ್ಥೆಯೂ ಸ್ಥಾಪಿತವಾದವು. ದ್ವಿತಳಿಯನ್ನು ಉಷ್ಣಸೀಮೆಯಲ್ಲಿ ಬೆಳೆಯಬಹುದೇ ಎಂಬ ಡಿ ವೆಕ್ಕಿಯ ಕಾಲದ ಪ್ರಶ್ನೆಗೆ ಉತ್ತರ ದೊರೆತದ್ದು 1991ರಿಂದ 2007ರವರೆಗೆ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಿಂದ ಮೂರು ಹಂತಗಳಲ್ಲಿ ನಡೆದ ಯೋಜನೆಯಲ್ಲಿ. ಸಿ.ಎಸ್.ಆರ್. 2 ಮತ್ತು ಸಿ.ಎಸ್.ಆರ್. 4 ಎಂಬ ತಳಿಗಳ ಸಂಕರ ಇದರಿಂದ ಹೊರಬಂದು ಪ್ರಸಿದ್ಧವಾಯಿತು. ತಳಿಯಷ್ಟೇ ಅಲ್ಲ, ಅದರೊಡನೆ ಮನೆಯನ್ನು ಸೋಂಕುರಹಿತವಾಗಿಸುವ ಕ್ರಮ, ಚಾಕಿ ಹುಳುಗಳನ್ನು ಒಂದೆಡೆ ಸಾಕಿ ಹಂಚುವ ಕೇಂದ್ರಗಳು, ಎಲೆ ಬಿಡಿಸದೆ ರೆಂಬೆಯನ್ನೇ ಮೇವಾಗಿ ಹಾಕುವ ಪದ್ಧತಿ, ತಿರುಗುವ ಚಂದ್ರಿಕೆ, ಇವೆಲ್ಲ ರೈತರ ಮನೆಯನ್ನು ಹೊಕ್ಕವು. ಈ ಬಾರಿ ಮೊಟ್ಟೆಯೂ ವಿದ್ಯೆಯೂ ಕೂಡಿಯೇ ಬಂದುದರಿಂದ ಬೆಳೆ ನಿಂತಿತು.

ಕಾಲದ ವ್ಯಂಗ್ಯವೆಂದರೆ, ಕಲಿಸಿದ ದೇಶದಲ್ಲಿ ಈ ಕೃಷಿ ಕ್ಷೀಣಿಸಿದೆ. 1929ರಲ್ಲಿ ಜಪಾನಿನ ಸುಮಾರು 22 ಲಕ್ಷ ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ನೈಲಾನಿನ ಉದಯ, ಯುದ್ಧ, ಬದಲಾದ ಉಡುಗೆತೊಡುಗೆಗಳಿಂದಾಗಿ ಇಂದು ಆ ಸಂಖ್ಯೆ ಇನ್ನೂರಕ್ಕಿಂತಲೂ ಕೆಳಗಿಳಿದಿದೆ. ಅರಮನೆಯ ಆವರಣದಲ್ಲಿ 1871ರಲ್ಲಿ ಆರಂಭವಾದ, ಮಹಾರಾಣಿಯೇ ಹುಳುಗಳಿಗೆ ಎಲೆ ಹಾಕುವ ಸಂಪ್ರದಾಯ ಮಾತ್ರ ಉಳಿದುಬಂದಿದೆ. ಇತ್ತ ಭಾರತ ಚೀನಾದ ನಂತರ ಎರಡನೆಯ ದೊಡ್ಡ ಉತ್ಪಾದಕ ದೇಶವಾಗಿದ್ದು, ದೇಶದೊಳಗೆ ಕರ್ನಾಟಕ ಮುಂದಿದೆ.

ಕೈಗಳ ಆರೋಗ್ಯ

ರಾಮನಗರ, ಶಿಡ್ಲಘಟ್ಟ, ವಿಜಯಪುರ ಮುಂತಾದ ಊರುಗಳಲ್ಲಿ ನೂಲು ಬಿಚ್ಚುವ ಕೇರಿಗಳನ್ನು ಹೊಕ್ಕರೆ ಮೊದಲು ಎದುರಾಗುವುದು ಬೇಯುವ ಗೂಡಿನ ವಾಸನೆ. ಚರಕದ ಮುಂದೆ ಕುಳಿತವರ ಬೆರಳುಗಳು ಗಂಟೆಗಟ್ಟಲೆ ಬಿಸಿನೀರಿನಲ್ಲಿರುತ್ತವೆ. ಚರ್ಮ ಬಿಳುಚಿ ಮೆತ್ತಗಾಗುತ್ತದೆ. ಬಿರುಕು ಬಿಟ್ಟು ಸೋಂಕಿಗೆ ದಾರಿಯಾಗುತ್ತದೆ. ಹಬೆ ಮತ್ತು ಹೊಗೆಗಳು ಉಸಿರಾಟವನ್ನು ಬಾಧಿಸುತ್ತವೆ. ಸೆರಿಸಿನ್, ಕೋಶದ ಧೂಳು ಮತ್ತು ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಗಳಿಂದ ಉದುರುವ ಹೊಟ್ಟು ಕೆಲವರಲ್ಲಿ ಒಗ್ಗದಿಕೆಯನ್ನು ಉಂಟುಮಾಡಿ ಉಬ್ಬಸವನ್ನು ತರುವುದನ್ನು ವೈದ್ಯರು ದಾಖಲಿಸಿದ್ದಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪ್ರಕಟಿಸಿದ ವರದಿ, ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಮುಂಗಡ ಸಾಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ವಿವರಿಸಿತು. ನೊಮುಗಿ ಘಾಟಿಯ ಹುಡುಗಿಯರನ್ನು ಕಟ್ಟಿಹಾಕಿದ್ದೂ ಇಂತಹ ಮುಂಗಡ ಹಣವೇ.

ಇದಕ್ಕೆ ಪರಿಹಾರಗಳು ಕಷ್ಟಸಾಧ್ಯವಲ್ಲ. ಗೂಡನ್ನು ಬೇಯಿಸುವ ಕೆಲಸವನ್ನೂ ನೂಲು ಬಿಚ್ಚುವ ಕೆಲಸವನ್ನೂ ಬೇರ್ಪಡಿಸಿದರೆ ಕೈ ಕುದಿನೀರಿಗೆ ತಾಗುವುದು ಕಡಿಮೆಯಾಗುತ್ತದೆ. ಹೊಗೆಕೊಳವೆ, ಕಿಟಕಿ, ಗಾಳಿಯ ಸಂಚಾರಗಳಿಂದ ಉಸಿರಾಟ ಸುಗಮವಾಗುತ್ತದೆ. ಸರದಿಯ ವಿಶ್ರಾಂತಿ, ಕೆಲಸದ ಬಳಿಕ ಕೈಯನ್ನು ತೊಳೆದು ಒರೆಸಿ ಎಣ್ಣೆ ಸವರುವುದು, ಮೂಗಿಗೆ ಬಟ್ಟೆ ಕಟ್ಟುವುದು, ನಿಯತ ಕಾಲದಲ್ಲಿ ಎದೆಯ ಪರೀಕ್ಷೆ, ಇವು ಅಲ್ಪವೆಚ್ಚದ ಕ್ರಮಗಳು. ಕೆಮ್ಮು ಎರಡು ವಾರ ಮೀರಿದರೆ ಕಫದ ಪರೀಕ್ಷೆ ಮಾಡಿಸುವುದು ಅವಶ್ಯ. ಈಚಿನ ಸ್ವಯಂಚಾಲಿತ ಯಂತ್ರಗಳು ಕೈಯ ಶ್ರಮವನ್ನು ಬಹುಮಟ್ಟಿಗೆ ಇಳಿಸಿವೆ. ಆದರೆ ಸಣ್ಣ ಮನೆಗಳ ಒಲೆಗಳು ಇನ್ನೂ ಉರಿಯುತ್ತಿವೆ.

ರೇಷ್ಮೆ ಮನುಷ್ಯನ ದೇಹಕ್ಕೆ ಸಲ್ಲಿಸಿದ ಸೇವೆ ಚಿಕ್ಕದಲ್ಲ. ಗಾಯ ಹೊಲಿಯುವ ದಾರವಾಗಿ ಅದು ಶಸ್ತ್ರವೈದ್ಯರ ಕೈಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಫೈಬ್ರೋಯಿನಿನಿಂದ ಸುಟ್ಟಗಾಯದ ಹೊದಿಕೆಗಳನ್ನೂ ಅಂಗಾಂಶ ಬೆಳೆಸುವ ಹಂದರಗಳನ್ನೂ ತಯಾರಿಸುವ ಸಂಶೋಧನೆ ನಡೆದಿದೆ. ಇತರರ ಗಾಯವನ್ನು ಮಾಯಿಸುವ ಎಳೆ ಅದನ್ನು ಬಿಚ್ಚಿದವರ ಬೆರಳಿಗೆ ಗಾಯ ಮಾಡಬಾರದು.

ಉಪಸಂಹಾರ

ಒಂದು ತಾಯಿಚಿಟ್ಟೆಯನ್ನು ಪರೀಕ್ಷಿಸದೆ ಅದರ ಮೊಟ್ಟೆಯನ್ನು ರೈತನಿಗೆ ಕೊಡಬಾರದೆಂಬ ನಿಯಮವನ್ನು ಮೈಸೂರು ಸೀಮೆ ಶತಮಾನದಿಂದ ಪಾಲಿಸುತ್ತ ಬಂದಿದೆ. ಯೊನೆಮುರಾ ಮತ್ತು ರಾಮರಾಯರಂತಹವರು ಹಾಕಿಕೊಟ್ಟ ಈ ಶಿಸ್ತು ಜಪಾನಿನಿಂದ ನಾಡಿಗೆ ಬಂದ ನಿಜವಾದ ಐಶ್ವರ್ಯ. ಅದೇ ಜಪಾನಿನ ಇತಿಹಾಸ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ: ಹುಳುವಿಗೆ ತೋರಿದ ಕಾಳಜಿ ಹುಡುಗಿಯರನ್ನು ತಲಪಲು ತಡವಾದಾಗ ಅದರ ಬೆಲೆಯನ್ನು ಘಾಟಿಯ ನೆತ್ತಿಯಲ್ಲಿ ತೆರಬೇಕಾಯಿತು.

ಪಟ್ಟೆಗೆ ಮೈಲಿಗೆಯಿಲ್ಲವೆಂದು ಹಿರಿಯರು ಹೇಳಿದರು. ಹುಳು ಮನೆಯಲ್ಲಿ ಶುಚಿ, ನೂಲು ಮನೆಯಲ್ಲಿ ಗಾಳಿ ಬೆಳಕು, ದುಡಿದ ಕೈಗೆ ನ್ಯಾಯವಾದ ಕೂಲಿ, ಮಕ್ಕಳ ಕೈಗೆ ಎಳೆಯ ಬದಲು ಪುಸ್ತಕ ದೊರೆತ ದಿನ ಆ ಮಾತು ಪೂರ್ಣವಾಗಿ ನಿಜವಾಗುತ್ತದೆ.